ಒಂದೇ ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕ್ ಪ್ರೊಟೋಕಾಲ್ ಪ್ರಯೋಗ: ಪ್ರಶ್ನೆಯಿಂದ ಗ್ರಾಫ್‌ವರೆಗೆ

ಪ್ರೊಟೋಕಾಲ್‌ಗಳ ಪರ್ಫಾರ್ಮೆನ್ಸ್ ಮೇಲೆ ಪ್ರಾಜೆಕ್ಟ್ ಮಾಡಬೇಕು, ಲ್ಯಾಬ್ ಇಲ್ಲ, ರೂಟರ್ ಇಲ್ಲ, ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರು ತುಂಬ ಜನ. ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: ಪ್ರಯೋಗ ಮಾಡಿದೆ, ಪ್ರತಿ ಸಲ ಬೇರೆ ನಂಬರ್ ಬರುತ್ತಿದೆ, ಯಾವುದನ್ನು ನಂಬಲಿ? ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪ್ ಸಾಕು. ಆದರೆ ಅದರೊಳಗೆ ನೀವು ಕಟ್ಟುವ ಪುಟ್ಟ ನೆಟ್‌ವರ್ಕ್ ನೀವು ಅಂದುಕೊಂಡ ಹಾಗೇ ನಡೆಯುತ್ತಿದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಹೊಸಬರ ಎಷ್ಟೋ ಗ್ರಾಫ್‌ಗಳು ಪ್ರೊಟೋಕಾಲ್‌ನ ಗುಣವನ್ನಲ್ಲ, ಸೆಟಪ್‌ನ ದೋಷವನ್ನೇ ಅಳೆದಿರುತ್ತವೆ. ಅದಕ್ಕೇ ಈ ಬರಹದ ಹೆಚ್ಚಿನ ಭಾಗ ಸೆಟಪ್ ಬಗ್ಗೆಯೇ ಇದೆ.

ಉದಾಹರಣೆಗೆ ಕಂಜೆಷನ್ ಕಂಟ್ರೋಲ್ ತೆಗೆದುಕೊಳ್ಳೋಣ. ದಾರಿಯಲ್ಲಿ ದಟ್ಟಣೆ ಆದಾಗ ಎಷ್ಟು ವೇಗವಾಗಿ ಡೇಟಾ ಕಳಿಸಬೇಕು ಎಂದು ಕಳಿಸುವ ಕಂಪ್ಯೂಟರೇ ತೀರ್ಮಾನಿಸುವ ವಿಧಾನ ಇದು. ಇದು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು 1986ರ ಅಕ್ಟೋಬರ್‌ನಲ್ಲೇ ಗೊತ್ತಾಗಿತ್ತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಿಂದ ಕೂಗಳತೆ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಇದ್ದ ಸಂಪರ್ಕದ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ ಬರೀ 40 ಬಿಟ್‌ಗೆ ಬಿತ್ತು. ವ್ಯಾನ್ ಜೇಕಬ್ಸನ್ 1988ರಲ್ಲಿ ಅದಕ್ಕೆ ಪರಿಹಾರ ಬರೆದರು. ಇವತ್ತಿನ ಟಿಸಿಪಿ, ಅಂದರೆ ಇಂಟರ್ನೆಟ್‌ನಲ್ಲಿ ಡೇಟಾ ತಪ್ಪದೆ ತಲುಪುವಂತೆ ನೋಡಿಕೊಳ್ಳುವ ಪ್ರೊಟೋಕಾಲ್, ಆ ತಳಪಾಯದ ಮೇಲೇ ನಿಂತಿದೆ.

ಏನೇನು ಬೇಕು? ರೂಟ್ ಅನುಮತಿ ಇರುವ ಲಿನಕ್ಸ್, ಅದರ ಜೊತೆಗೇ ಬರುವ ಐಪಿ (ಜಾಲ ಕಟ್ಟಲು), ಟಿಸಿ (ವೇಗಮಿತಿ, ತಡ ಹಾಕಲು), ಎಸ್ಎಸ್ (ಸಂಪರ್ಕದ ಸ್ಥಿತಿ ನೋಡಲು) ಎಂಬ ಟೂಲ್‌ಗಳು, ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾದ ಈಥ್‌ಟೂಲ್ (ಇಂಟರ್‌ಫೇಸ್‌ನ ಸೆಟ್ಟಿಂಗ್ ಬದಲಿಸಲು) ಮತ್ತು ಐಪರ್ಫ್3 (ಡೇಟಾ ಕಳಿಸಿ ವೇಗ ಅಳೆಯಲು), ಗ್ರಾಫ್ ಬರೆಯಲು ಪೈಥಾನ್ ಅಥವಾ ನಿಮಗೆ ಒಗ್ಗಿದ ಬೇರೆ ಯಾವುದಾದರೂ. ಕಮಾಂಡ್‌ಗಳ ಪೂರ್ತಿ ಸಾಲು ಆಯಾ ಟೂಲ್‌ನ ಮ್ಯಾನ್ ಪುಟದಲ್ಲಿ, ಅಂದರೆ ಲಿನಕ್ಸ್‌ನ ಕೈಪಿಡಿಯಲ್ಲಿದೆ. ಏನನ್ನು ಮಾಡಬೇಕು, ಯಾಕೆ ಮಾಡಬೇಕು, ಎಲ್ಲಿ ಎಡವುತ್ತೀರಿ ಎಂಬುದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

1. ಪ್ರಶ್ನೆಯನ್ನು ಚಿಕ್ಕದು ಮಾಡಿ

"ಯಾವ ಪ್ರೊಟೋಕಾಲ್ ಒಳ್ಳೆಯದು" ಅನ್ನುವುದು ಪ್ರಶ್ನೆಯೇ ಅಲ್ಲ. ಯಾವುದಕ್ಕೆ ಒಳ್ಳೆಯದು? ದೊಡ್ಡ ಫೈಲ್‌ಗೋ, ವಿಡಿಯೋ ಕಾಲ್‌ಗೋ? ಎಷ್ಟು ದೂರದ ಸಂಪರ್ಕ, ಎಷ್ಟು ಬಫರ್? ನಾವು ಇಲ್ಲಿ ಕೇಳುವ ಪ್ರಶ್ನೆ ಹೀಗಿದೆ: 100 ಮೆಗಾಬಿಟ್ ವೇಗದ, 40 ಮಿಲಿಸೆಕೆಂಡ್ ಆರ್‌ಟಿಟಿ ಇರುವ ದಾರಿಯಲ್ಲಿ ಬಫರ್ ಚಿಕ್ಕದಿದ್ದಾಗ ಮತ್ತು ದೊಡ್ಡದಿದ್ದಾಗ ಕ್ಯೂಬಿಕ್ ಮತ್ತು ಬಿಬಿಆರ್ ಎಷ್ಟು ಡೇಟಾ ದಾಟಿಸುತ್ತವೆ, ಎಷ್ಟು ತಡ ಸೇರಿಸುತ್ತವೆ?

ಪದಗಳ ಅರ್ಥ ಇಲ್ಲೇ ಹೇಳಿಬಿಡುತ್ತೇನೆ. ಆರ್‌ಟಿಟಿ ಅಂದರೆ ಒಂದು ಪ್ಯಾಕೆಟ್ (ಡೇಟಾದ ಒಂದು ತುಂಡು) ಹೋಗಿ ಅದರ ಉತ್ತರ ವಾಪಸ್ ಬರಲು ಹಿಡಿಯುವ ಸಮಯ. ಬಾಟಲ್‌ನೆಕ್ ಅಂದರೆ ದಾರಿಯಲ್ಲಿ ಎಲ್ಲಕ್ಕಿಂತ ನಿಧಾನವಾದ ಜಾಗ. ಅಲ್ಲಿ ಪ್ಯಾಕೆಟ್‌ಗಳು ಕಾಯುತ್ತಾ ನಿಲ್ಲುವ ಜಾಗವೇ ಬಫರ್. ಕ್ಯೂಬಿಕ್ ಲಿನಕ್ಸ್‌ನಲ್ಲಿ 2006ರಿಂದ ಡೀಫಾಲ್ಟ್ ಆಗಿರುವ ವಿಧಾನ, ಅದು ಮುಖ್ಯವಾಗಿ ಪ್ಯಾಕೆಟ್ ಕಳೆದುಹೋದಾಗ ವೇಗ ತಗ್ಗಿಸುತ್ತದೆ. ಬಿಬಿಆರ್ 2016ರಲ್ಲಿ ಗೂಗಲ್ ಹೊರತಂದದ್ದು, ಅದು ಬಾಟಲ್‌ನೆಕ್‌ನ ವೇಗವನ್ನೂ ಅತಿ ಕಡಿಮೆ ಆರ್‌ಟಿಟಿಯನ್ನೂ ಅಂದಾಜು ಮಾಡಿ ಅದರ ಪ್ರಕಾರ ಕಳಿಸುತ್ತದೆ.

2. ಕೈ ಲೆಕ್ಕ ಮೊದಲು, ಪ್ರಯೋಗ ಆಮೇಲೆ

ಈ ಹಂತವನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಎಷ್ಟು ಬರಬೇಕು ಅಂತ ಗೊತ್ತಿಲ್ಲದಿದ್ದರೆ ಬಂದದ್ದು ತಪ್ಪು ಅಂತ ಹೇಗೆ ಗೊತ್ತಾಗುತ್ತದೆ?

ಮೊದಲ ಲೆಕ್ಕ ಬಿಡಿಪಿ, ಅಂದರೆ ವೇಗ ಗುಣಿಸು ಆರ್‌ಟಿಟಿ. ದಾರಿ ತುಂಬಿರಬೇಕಾದರೆ ಒಂದೇ ಸಮಯಕ್ಕೆ ಎಷ್ಟು ಡೇಟಾ ಗಾಳಿಯಲ್ಲಿರಬೇಕು (ಕಳಿಸಿ ಆಗಿದೆ, ಉತ್ತರ ಇನ್ನೂ ಬಂದಿಲ್ಲ) ಅನ್ನುವ ಅಳತೆ ಅದು. 100 ಮೆಗಾಬಿಟ್ ಗುಣಿಸು 0.04 ಸೆಕೆಂಡ್ ಅಂದರೆ 40 ಲಕ್ಷ ಬಿಟ್, ಅಂದರೆ 5 ಲಕ್ಷ ಬೈಟ್. 1500 ಬೈಟ್‌ನ ಪ್ಯಾಕೆಟ್‌ಗಳ ಲೆಕ್ಕದಲ್ಲಿ ಸುಮಾರು 333.

ಇದರಿಂದ ಬಫರ್‌ನ ತಡವೂ ಸಿಗುತ್ತದೆ. ಒಂದು ಬಿಡಿಪಿಯಷ್ಟು ಬಫರ್ ಪೂರ್ತಿ ತುಂಬಿದರೆ ಇನ್ನೂ 40 ಮಿಲಿಸೆಕೆಂಡ್ ಸೇರುತ್ತದೆ. ಹತ್ತು ಬಿಡಿಪಿಯಷ್ಟಿದ್ದರೆ 400. ಬಫರ್‌ಬ್ಲೋಟ್ ಎಂದು ಕರೆಯುವುದು ಇದನ್ನೇ: ಪ್ಯಾಕೆಟ್ ಕಳೆಯಬಾರದು ಎಂದು ಬಫರ್ ದೊಡ್ಡದು ಮಾಡುತ್ತಾ ಹೋಗಿ ಕೊನೆಗೆ ಎಲ್ಲರ ಮಾತೂ ತಡವಾಗುವುದು.

ಎರಡನೆಯದು, ಗರಿಷ್ಠ ಎಷ್ಟು ಬರಬಹುದು? 1500 ಬೈಟ್‌ನ ಪ್ಯಾಕೆಟ್‌ನಲ್ಲಿ ಐಪಿ ಮತ್ತು ಟಿಸಿಪಿ ಹೆಡರ್‌ಗೆ 40 ಬೈಟ್, ಟೈಮ್‌ಸ್ಟ್ಯಾಂಪ್‌ಗೆ 12 ಬೈಟ್ ಹೋಗಿ ನಿಮ್ಮ ಡೇಟಾಗೆ ಉಳಿಯುವುದು 1448. ಲಿನಕ್ಸ್‌ನ ವೇಗಮಿತಿ ಈಥರ್ನೆಟ್ ಹೆಡರ್‌ನ 14 ಬೈಟ್ ಕೂಡ ಸೇರಿಸಿ 1514 ಎಂದು ಎಣಿಸುತ್ತದೆ. 1448 ಭಾಗಿಸು 1514 ಅಂದರೆ 95.6 ಶೇಕಡ. ಹಾಗಾಗಿ 100 ಮೆಗಾಬಿಟ್ ಮಿತಿ ಹಾಕಿದಾಗ ಐಪರ್ಫ್3 ತೋರಿಸಬಹುದಾದ ಅತಿ ಹೆಚ್ಚು 95.6. ದೀರ್ಘ ಓಟದ ಸರಾಸರಿ 99 ಬಂದರೆ ಖುಷಿಪಡಬೇಡಿ, ಮಿತಿ ಸರಿಯಾಗಿ ಕೂತಿಲ್ಲ ಎಂದರ್ಥ.

3. ಮೂರು ಕಂಪ್ಯೂಟರ್‌ಗಳ ಜಾಲ ಕಟ್ಟಿ

ಲಿನಕ್ಸ್‌ನಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಸೌಲಭ್ಯವಿದೆ. ಒಂದೇ ಯಂತ್ರದೊಳಗೆ ತನ್ನದೇ ವಿಳಾಸ, ತನ್ನದೇ ರೂಟಿಂಗ್ ಇರುವ ಬೇರೆ ಬೇರೆ ಕಂಪ್ಯೂಟರ್‌ಗಳಿದ್ದ ಹಾಗೆ ಅವು ನಡೆಯುತ್ತವೆ. ಮೂರು ಮಾಡಿಕೊಳ್ಳಿ: ಕಳಿಸುವವ, ನಡುವಿನ ರೂಟರ್, ಪಡೆಯುವವ. ವೆಥ್ ಎಂಬ ಜೋಡಿ ಇಂಟರ್‌ಫೇಸ್‌ಗಳಿಂದ ಅವನ್ನು ಸಾಲಾಗಿ ಜೋಡಿಸಿ, ವಿಳಾಸ ಕೊಡಿ, ರೂಟರ್‌ನಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ಕಡೆಯಿಂದ ಬಂದ ಪ್ಯಾಕೆಟ್ಟನ್ನು ಇನ್ನೊಂದು ಕಡೆಗೆ ದಾಟಿಸುವುದು) ಆನ್ ಮಾಡಿ. ಎರಡು ತುದಿಗೂ ಪಿಂಗ್ ಹೋದರೆ ಈ ಹಂತ ಮುಗಿಯಿತು. ಮಿನಿನೆಟ್ ಎಂಬ ಟೂಲ್ ಬಳಸಿದರೆ ಇದನ್ನೇ ಅದು ನಿಮಗಾಗಿ ಮಾಡಿಕೊಡುತ್ತದೆ, ಆದರೂ ಒಂದು ಸಲ ಕೈಯಾರೆ ಮಾಡಿ ನೋಡಿ ಅನ್ನುತ್ತೇನೆ.

ಎರಡೇ ನೇಮ್‌ಸ್ಪೇಸ್ ಸಾಕಲ್ವಾ ಅಂತ ಕೇಳುತ್ತೀರಿ. ಸಾಲದು. ತಡ ಮತ್ತು ವೇಗಮಿತಿಯನ್ನು ಕಳಿಸುವ ಯಂತ್ರದ ಮೇಲೇ ಹಾಕಿದರೆ ಅಲ್ಲಿನ ಟಿಸಿಪಿಗೆ ತನ್ನದೇ ಯಂತ್ರದ ಕ್ಯೂ ತುಂಬಿದ್ದು ಗೊತ್ತಾಗಿಬಿಡುತ್ತದೆ, ಅದು ಮೊದಲೇ ತಡೆದು ನಿಲ್ಲುತ್ತದೆ. ನಿಜವಾದ ಇಂಟರ್ನೆಟ್‌ನಲ್ಲಿ ದೂರದ ರೂಟರ್‌ನ ಸ್ಥಿತಿ ಕಳಿಸುವವನಿಗೆ ಹಾಗೆ ನೇರವಾಗಿ ತಿಳಿಯುವುದಿಲ್ಲ. ಬಾಟಲ್‌ನೆಕ್ ನಡುವೆ ಇರಲೇಬೇಕು.

4. ವೇಗ, ತಡ, ಬಫರ್ ಹಾಕಿ

ನಿಧಾನವಾಗಿ ಓದಬೇಕಾದ ಹಂತ ಇದು. ಎರಡು ಕೆಲಸಗಳನ್ನು ಎರಡು ಬೇರೆ ಇಂಟರ್‌ಫೇಸ್‌ಗಳಲ್ಲಿ ಮಾಡಿ. ರೂಟರ್‌ನಿಂದ ಪಡೆಯುವವನ ಕಡೆಗೆ ಹೋಗುವ ಇಂಟರ್‌ಫೇಸ್‌ನಲ್ಲಿ ಟಿಬಿಎಫ್ ಎಂಬ ಕ್ಯೂ ಹಾಕಿ 100 ಮೆಗಾಬಿಟ್ ವೇಗಮಿತಿ ಕೊಡಿ, ಅದರ ಲಿಮಿಟ್‌ನಲ್ಲಿ ಬಫರ್ ಗಾತ್ರವನ್ನು ಬೈಟ್‌ನಲ್ಲಿ ಬರೆಯಿರಿ. ಒಂದು ಬಿಡಿಪಿ ಅಂದರೆ 500000. ರೂಟರ್‌ನಿಂದ ಕಳಿಸುವವನ ಕಡೆಗೆ ವಾಪಸ್ ಬರುವ ಇಂಟರ್‌ಫೇಸ್‌ನಲ್ಲಿ ತಡ, ಲಾಸ್ ಸೇರಿಸುವ ನೆಟ್‌ಎಮ್ ಎಂಬ ಕ್ಯೂ ಹಾಕಿ 40 ಮಿಲಿಸೆಕೆಂಡ್ ತಡ ಕೊಡಿ. ಡೇಟಾ ಹೋಗುವ ದಾರಿಯಲ್ಲಿ ವೇಗಮಿತಿ, ಉತ್ತರ ಬರುವ ದಾರಿಯಲ್ಲಿ ತಡ. ಒಂದರ ಲೆಕ್ಕ ಇನ್ನೊಂದರೊಳಗೆ ಸೇರುವುದಿಲ್ಲ.

ಎಡವುವ ಜಾಗಗಳು ಇಲ್ಲಿ ಸಾಕಷ್ಟಿವೆ.

ಮೊದಲನೆಯದು ಯೂನಿಟ್. ಟಿಸಿ ಕಮಾಂಡ್‌ನಲ್ಲಿ "ಎಂಬಿಟ್" ಅಂದರೆ ಸೆಕೆಂಡಿಗೆ ಮೆಗಾಬಿಟ್. "ಎಂಬಿಪಿಎಸ್" ಅಂತ ಬರೆದರೆ ಅದು ಮೆಗಾಬೈಟ್ ಎಂದು ತಿಳಿಯುತ್ತದೆ, ನಿಮ್ಮ ಮಿತಿ ಎಂಟು ಪಟ್ಟು ಜಾಸ್ತಿಯಾಗುತ್ತದೆ. ಯಾವ ಎರರ್ ಸಹ ಬರುವುದಿಲ್ಲ.

ಎರಡನೆಯದು ನೆಟ್‌ಎಮ್‌ನ ಲಿಮಿಟ್. ಏನೂ ಹೇಳದಿದ್ದರೆ ಅದು 1000 ಪ್ಯಾಕೆಟ್ ಮಾತ್ರ ಇಟ್ಟುಕೊಳ್ಳುತ್ತದೆ, ತಡಕ್ಕಾಗಿ ಕಾಯುತ್ತಿರುವ ಪ್ಯಾಕೆಟ್‌ಗಳೂ ಆ ಸಾವಿರದೊಳಗೇ ಲೆಕ್ಕ. ನಮ್ಮ 100 ಮೆಗಾಬಿಟ್‌ಗೆ 333 ಸಾಕು. ಆದರೆ ನಾಳೆ ನೀವು ಒಂದು ಗಿಗಾಬಿಟ್‌ಗೆ ಏರಿಸಿ ಡೇಟಾ ಹೋಗುವ ಕಡೆಗೇ ತಡ ಹಾಕಿದಿರಿ ಅನ್ನಿ, 3333 ಪ್ಯಾಕೆಟ್‌ಗೆ ಜಾಗ ಬೇಕು, ಇರುವುದು ಸಾವಿರ, ಉಳಿದದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ, ನೀವು ಮಾತ್ರ "ಹೆಚ್ಚು ವೇಗದಲ್ಲಿ ಕ್ಯೂಬಿಕ್ ಸೋಲುತ್ತದೆ" ಅಂತ ರಿಪೋರ್ಟ್ ಬರೆಯುತ್ತಿರುತ್ತೀರಿ. ಲಿಮಿಟ್ ಅನ್ನು ಯಾವಾಗಲೂ ಕೈಯಾರೆ ದೊಡ್ಡದಾಗಿ ಕೊಡಿ.

ಮೂರನೆಯದು ಆಫ್‌ಲೋಡಿಂಗ್. ಸಿಪಿಯು ಉಳಿಸಲು ಲಿನಕ್ಸ್ ಹಲವು ಪ್ಯಾಕೆಟ್‌ಗಳನ್ನು ಒಟ್ಟು ಮಾಡಿ 64 ಕಿಲೋಬೈಟ್‌ವರೆಗಿನ ಒಂದೇ ಗಂಟಾಗಿ ಸಾಗಿಸುತ್ತದೆ. ಆಗ ನೆಟ್‌ಎಮ್‌ನಲ್ಲಿ ಶೇಕಡ ಒಂದು ಲಾಸ್ ಅಂದರೆ ಪ್ಯಾಕೆಟ್ ಅಲ್ಲ, ಇಡೀ ಗಂಟು ಬೀಳುತ್ತದೆ. ಈಥ್‌ಟೂಲ್‌ನಿಂದ ಹೀಗೆ ಗಂಟು ಕಟ್ಟುವ ಟಿಎಸ್ಒ, ಜಿಎಸ್ಒ, ಜಿಆರ್‌ಒ ಸೌಲಭ್ಯ ಮೂರನ್ನೂ ಎಲ್ಲ ವೆಥ್ ತುದಿಗಳಲ್ಲೂ ಆಫ್ ಮಾಡಿ. ಯಂತ್ರ ರೀಬೂಟ್ ಆದರೆ ಎಲ್ಲ ಮಾಯ, ಆದ್ದರಿಂದ ಸ್ಕ್ರಿಪ್ಟ್‌ನಲ್ಲೇ ಬರೆದಿಡಿ.

ನಾಲ್ಕನೆಯದನ್ನು ಅನುಭವಿಗಳೂ ಮರೆಯುತ್ತಾರೆ: ಟಿಸಿಪಿಯ ಮೆಮೊರಿ ಮಿತಿ. ಲಿನಕ್ಸ್‌ನ ಹಲವು ಆವೃತ್ತಿಗಳಲ್ಲಿ ಕಳಿಸುವ ಕಡೆ ಗರಿಷ್ಠ 4 ಮೆಗಾಬೈಟ್, ಪಡೆಯುವ ಕಡೆ 6 ಮೆಗಾಬೈಟ್ ಇರುತ್ತದೆ. ಹತ್ತು ಬಿಡಿಪಿ ಬಫರ್ ತುಂಬಬೇಕಾದರೆ ಬಫರ್‌ನಲ್ಲಿ 5, ದಾರಿಯಲ್ಲಿ ಅರ್ಧ, ಒಟ್ಟು ಐದೂವರೆ ಮೆಗಾಬೈಟ್ ಗಾಳಿಯಲ್ಲಿರಬೇಕು. 4 ಮೆಗಾಬೈಟ್‌ನಲ್ಲಿ ಅದು ಆಗುವುದೇ ಇಲ್ಲ. ಬಫರ್ ತುಂಬುವುದಿಲ್ಲ, ಪ್ಯಾಕೆಟ್ ಕಳೆಯುವುದಿಲ್ಲ, ಗ್ರಾಫ್ ಬಲು ಚೆಂದ ಕಾಣುತ್ತದೆ, ಆದರೆ ಅದು ಕ್ಯೂಬಿಕ್‌ನ ವರ್ತನೆ ಅಲ್ಲ, ಮೆಮೊರಿ ಮಿತಿಯ ವರ್ತನೆ. ಎರಡೂ ತುದಿಯ ನೇಮ್‌ಸ್ಪೇಸ್‌ನೊಳಗೆ ಈ ಗರಿಷ್ಠವನ್ನು 64 ಮೆಗಾಬೈಟ್‌ಗೆ ಏರಿಸಿ. ಇದರ ಜೊತೆಗೇ ಹಳೆಯ ಸಂಪರ್ಕದ ಆರ್‌ಟಿಟಿ ಮುಂತಾದವನ್ನು ನೆನಪಿಟ್ಟುಕೊಳ್ಳುವ ಟಿಸಿಪಿ ಮೆಟ್ರಿಕ್ಸ್ ಸೌಲಭ್ಯವನ್ನೂ ನಿಲ್ಲಿಸಿ, ಇಲ್ಲದಿದ್ದರೆ ಮೊದಲ ಓಟದ ನೆನಪು ಎರಡನೆಯದರ ಶುರುವನ್ನು ಬದಲಿಸುತ್ತದೆ.

5. ಪ್ರೊಟೋಕಾಲ್ ಮುಟ್ಟುವ ಮೊದಲು ಜಾಲವನ್ನೇ ಪರೀಕ್ಷಿಸಿ

ವೇಗಮಿತಿ ಮತ್ತು ತಡ ಎರಡನ್ನೂ ತೆಗೆದು ಒಂದು ಸಲ ಐಪರ್ಫ್3 ಓಡಿಸಿ. ಬರುವ ನಂಬರ್ 100 ಮೆಗಾಬಿಟ್‌ಗಿಂತ ಹಲವು ಪಟ್ಟು ಜಾಸ್ತಿ ಇರಬೇಕು. ಇಲ್ಲದಿದ್ದರೆ ನಿಮ್ಮ ಬಾಟಲ್‌ನೆಕ್ ಸಿಪಿಯು, ನೆಟ್‌ವರ್ಕ್ ಅಲ್ಲ. ಆಮೇಲೆ ಮಿತಿಗಳನ್ನು ವಾಪಸ್ ಹಾಕಿ ಪಿಂಗ್ ಮಾಡಿ, 40ಕ್ಕಿಂತ ಒಂದಿಷ್ಟೇ ಹೆಚ್ಚು ಬರಬೇಕು. ಯುಡಿಪಿಯಲ್ಲಿ (ದಟ್ಟಣೆ ನೋಡದೆ ಹೇಳಿದ ವೇಗದಲ್ಲೇ ಕಳಿಸುವ ಪ್ರೊಟೋಕಾಲ್) 90 ಮೆಗಾಬಿಟ್ ಕಳಿಸಿದರೆ ಲಾಸ್ ಇರಬಾರದು, 110 ಕಳಿಸಿದರೆ ಇರಲೇಬೇಕು. ಕೊನೆಗೆ ಒಂದೇ ಟಿಸಿಪಿ ಸಂಪರ್ಕ, ಒಂದು ಬಿಡಿಪಿ ಬಫರ್, ಕ್ಯೂಬಿಕ್: 95ರ ಆಸುಪಾಸು.

ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ. ನೆಟ್‌ಎಮ್ ಅನ್ನು ಡೇಟಾ ಹೋಗುವ ಕಡೆಗೆ ಹಾಕಿ ಶೇಕಡ 1 ಲಾಸ್ ಕೊಡಿ, ರೀನೋ ಎಂಬ ಹಳೆಯ ವಿಧಾನ ಆರಿಸಿ. ರೀನೋಗೆ 1997ರಿಂದ ಗೊತ್ತಿರುವ ಒಂದು ಸರಳ ಸೂತ್ರವಿದೆ: ಪ್ಯಾಕೆಟ್ ಗಾತ್ರವನ್ನು ಆರ್‌ಟಿಟಿಯಿಂದ ಭಾಗಿಸಿ, 1.22ರಿಂದ ಗುಣಿಸಿ, ಲಾಸ್‌ನ ವರ್ಗಮೂಲದಿಂದ ಭಾಗಿಸಿ. 1448 ಬೈಟ್, 0.04 ಸೆಕೆಂಡ್, 0.01 ಹಾಕಿದರೆ ಸಿಗುವುದು ಸುಮಾರು 3.5 ಮೆಗಾಬಿಟ್. ನೂರರ ದಾರಿಯಲ್ಲಿ ಮೂರೂವರೆ! ನಿಮ್ಮ ಜಾಲದಲ್ಲೂ ಅದರ ಹತ್ತಿರದ ನಂಬರ್ ಬಂದರೆ ಸೆಟಪ್ ಮೇಲೆ ನಂಬಿಕೆ ಇಡಬಹುದು. 40 ಮೆಗಾಬಿಟ್ ಬಂದರೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

6. ಓಡಿಸಿ, ಅಳೆಯಿರಿ

ಬಿಬಿಆರ್ ಕೆಲವು ಯಂತ್ರಗಳಲ್ಲಿ ಮಾಡ್ಯೂಲ್ ಆಗಿರುತ್ತದೆ, ಮೊದಲು ಲೋಡ್ ಮಾಡಬೇಕು. ಯಾವ ವಿಧಾನ ಬೇಕು ಎಂದು ಐಪರ್ಫ್3ಗೇ ಹೇಳಬಹುದು. ಓಟ ನಡೆಯುತ್ತಿರುವಾಗ ಅದೇ ದಾರಿಯಲ್ಲಿ ಸೆಕೆಂಡಿಗೆ ಹತ್ತು ಸಲ ಪಿಂಗ್ ಕಳಿಸುತ್ತಿರಿ, ಬಫರ್ ಎಷ್ಟು ತುಂಬಿದೆ ಅನ್ನುವುದು ಅದರಲ್ಲೇ ಕಾಣುತ್ತದೆ. ಎಸ್ಎಸ್ ಕಮಾಂಡ್ ಟಿಸಿಪಿಯ ಒಳಗಿನ ಲೆಕ್ಕ ಕೊಡುತ್ತದೆ: ಕಂಜೆಷನ್ ವಿಂಡೋ, ಅಂದರೆ ಉತ್ತರ ಬರುವ ಮೊದಲು ಎಷ್ಟು ಪ್ಯಾಕೆಟ್ ಕಳಿಸಬಹುದು ಎಂಬ ಮಿತಿ, ಆರ್‌ಟಿಟಿ, ಮತ್ತೆ ಕಳಿಸಿದ ಪ್ಯಾಕೆಟ್‌ಗಳ ಸಂಖ್ಯೆ. ಮೂರನ್ನೂ ಟೈಮ್‌ಸ್ಟ್ಯಾಂಪ್ ಸಮೇತ ಫೈಲ್‌ಗೆ ಬರೆಸಿ.

ಎಷ್ಟು ಹೊತ್ತು ಓಡಿಸಬೇಕು? ಐಪರ್ಫ್3ರ ಡೀಫಾಲ್ಟ್ 10 ಸೆಕೆಂಡ್. ಅದು ಸಾಲದು, ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಪ್ಯಾಕೆಟ್ ಕಳೆದಾಗ ಕ್ಯೂಬಿಕ್ ತನ್ನ ವಿಂಡೋವನ್ನು 0.7ಕ್ಕೆ ಇಳಿಸಿ ಮತ್ತೆ ನಿಧಾನವಾಗಿ ಏರುತ್ತದೆ. ಹಳೆಯ ಎತ್ತರಕ್ಕೆ ವಾಪಸ್ ಬರಲು ಹಿಡಿಯುವ ಸೆಕೆಂಡುಗಳು: ವಿಂಡೋ ಗುಣಿಸು 0.3, ಭಾಗಿಸು 0.4, ಅದರ ಘನಮೂಲ. ಒಂದು ಬಿಡಿಪಿ ಬಫರ್ ಇದ್ದಾಗ ವಿಂಡೋ ಸುಮಾರು 667, ಉತ್ತರ ಸುಮಾರು 8 ಸೆಕೆಂಡ್. ಹತ್ತು ಬಿಡಿಪಿ ಇದ್ದಾಗ ವಿಂಡೋ 3667ರ ಹತ್ತಿರ, ಉತ್ತರ 14 ಸೆಕೆಂಡ್. ಅಂದರೆ 10 ಸೆಕೆಂಡ್‌ನ ಓಟದಲ್ಲಿ ಹೆಚ್ಚೆಂದರೆ ಒಂದು ಸುತ್ತು, ಬಫರ್ ದೊಡ್ಡದಿದ್ದರೆ ಅದೂ ಪೂರ್ತಿ ಮುಗಿಯುವುದಿಲ್ಲ! ಕನಿಷ್ಠ ಎರಡು ನಿಮಿಷ ಓಡಿಸಿ, ಶುರುವಿನ ಭಾಗವನ್ನು ಬೇರೆಯಾಗಿಯೇ ನೋಡಿ. ಶುರುವಿನ ವರ್ತನೆಯೇ ನಿಮ್ಮ ಪ್ರಶ್ನೆಯಾಗಿದ್ದರೆ ಮಾತು ಬೇರೆ, ವೆಬ್ ಪುಟಗಳಂಥ ಚಿಕ್ಕ ಡೇಟಾಗೆ ಅದೇ ಮುಖ್ಯ.

ಬಿಬಿಆರ್‌ನ ಗ್ರಾಫ್‌ನಲ್ಲಿ ಸುಮಾರು 10 ಸೆಕೆಂಡಿಗೊಮ್ಮೆ ವೇಗ ಒಂದು ಕ್ಷಣ ಕುಸಿಯುವುದು ಕಾಣಬಹುದು. ಅದು ನಾಯ್ಸ್ ಅಲ್ಲ, ಅಳಿಸಬೇಡಿ. ಬಿಬಿಆರ್‌ನ ಮೊದಲ ಆವೃತ್ತಿ ನಿಜವಾದ ಆರ್‌ಟಿಟಿ ಅಳೆಯಲು ತನ್ನ ವಿಂಡೋವನ್ನು ಬೇಕೆಂದೇ ನಾಲ್ಕು ಪ್ಯಾಕೆಟ್‌ಗೆ ಇಳಿಸಿ ಸುಮಾರು 200 ಮಿಲಿಸೆಕೆಂಡ್ ಕಾಯುತ್ತದೆ. ಸೆಕೆಂಡಿಗೊಂದೇ ಚುಕ್ಕಿ ಹಾಕುವ ಗ್ರಾಫ್‌ನಲ್ಲಿ ಇದು ಅರ್ಧಂಬರ್ಧ ಮಾತ್ರ ಕಾಣುತ್ತದೆ, 100 ಮಿಲಿಸೆಕೆಂಡಿಗೊಂದು ಹಾಕಿದರೆ ಸ್ಪಷ್ಟವಾಗುತ್ತದೆ.

7. ಇಬ್ಬರನ್ನು ಒಂದೇ ದಾರಿಗೆ ಬಿಡಿ

ಒಂಟಿಯಾಗಿ ಓಡುವಾಗ ಎಲ್ಲ ಪ್ರೊಟೋಕಾಲ್‌ಗಳೂ ಸಭ್ಯವೇ. ಒಂದೇ ಬಾಟಲ್‌ನೆಕ್‌ನಲ್ಲಿ ಕ್ಯೂಬಿಕ್ ಮತ್ತು ಬಿಬಿಆರ್ ಒಟ್ಟಿಗೆ ಓಡಿದಾಗ ಯಾರಿಗೆ ಎಷ್ಟು ಸಿಕ್ಕಿತು ಎಂದು ನೋಡಿ. ಅಳತೆಗೆ ಜೈನ್ ಸೂಚ್ಯಂಕ ಬಳಸುತ್ತಾರೆ: ಎಲ್ಲರ ಪಾಲಿನ ಮೊತ್ತದ ವರ್ಗವನ್ನು, ಪಾಲುಗಳ ವರ್ಗಗಳ ಮೊತ್ತ ಗುಣಿಸು ಜನರ ಸಂಖ್ಯೆಯಿಂದ ಭಾಗಿಸುವುದು. 50 ಮತ್ತು 50 ಸಿಕ್ಕರೆ 1. 90 ಮತ್ತು 10 ಸಿಕ್ಕರೆ 0.61. ಬಫರ್ ತೀರಾ ಚಿಕ್ಕದಿದ್ದಾಗ ಮೊದಲ ಆವೃತ್ತಿಯ ಬಿಬಿಆರ್ ಹೆಚ್ಚು ಕಬಳಿಸುತ್ತದೆ, ಬಫರ್ ಆಳವಾದಷ್ಟೂ ಕ್ಯೂಬಿಕ್ ಕೈ ಮೇಲಾಗುತ್ತದೆ. ಆದ್ದರಿಂದ ಒಂದೇ ಬಫರ್ ಗಾತ್ರದಲ್ಲಿ ನೋಡಿ ತೀರ್ಪು ಕೊಡುವುದು ಅನ್ಯಾಯ. ಅರ್ಧ, ಒಂದು, ಎರಡು, ಐದು, ಹತ್ತು ಬಿಡಿಪಿ ಹೀಗೆ ಸಾಲಾಗಿ ಹೋಗಿ.

ಎರಡು ಓಟವನ್ನೂ ಒಂದೇ ಕ್ಷಣಕ್ಕೆ ಶುರು ಮಾಡಬೇಡಿ. ಒಂದೇ ಆರ್‌ಟಿಟಿ ಇದ್ದು ಒಟ್ಟಿಗೆ ಹೊರಟರೆ ಅವು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬಹುದು, ನಿಜವಾದ ನೆಟ್‌ವರ್ಕ್‌ನಲ್ಲಿ ಅಂಥ ಹೊಂದಾಣಿಕೆ ಅಪರೂಪ. ಕೆಲವು ಸೆಕೆಂಡ್‌ಗಳ ಅಂತರ ಕೊಡಿ, ಆ ಅಂತರವೂ ಪ್ರತಿ ಸಲ ಬದಲಾಗಲಿ. ತಡವಾಗಿ ಬಂದವನಿಗೆ ತನ್ನ ಪಾಲು ಸಿಗಲು ಎಷ್ಟು ಹೊತ್ತು ಬೇಕಾಯಿತು ಅನ್ನುವುದು ಸರಾಸರಿಗಿಂತ ಎಷ್ಟೋ ಹೆಚ್ಚು ತಿಳಿಸುತ್ತದೆ.

ಕ್ವಿಕ್ ಮತ್ತು ಟಿಸಿಪಿ ಹೋಲಿಸಲು ಹೊರಟವರಿಗೆ ಒಂದು ಮಾತು. ಕ್ವಿಕ್ ಟಿಸಿಪಿಯ ಕೆಲಸವನ್ನೇ ಮಾಡುವ ಹೊಸ ಪ್ರೊಟೋಕಾಲ್, 2021ರಲ್ಲಿ ಆರ್‌ಎಫ್‌ಸಿ 9000 ಎಂಬ ಇಂಟರ್ನೆಟ್ ಮಾನದಂಡವಾಗಿ ಬಂತು, ಅದು ಯುಡಿಪಿ ಮೇಲೆ ಓಡುತ್ತದೆ, ಸಾಮಾನ್ಯವಾಗಿ ಕರ್ನೆಲ್‌ನ (ಲಿನಕ್ಸ್‌ನ ತಿರುಳಿನ) ಹೊರಗೆ. ಒಂದರಲ್ಲಿ ಕ್ಯೂಬಿಕ್, ಇನ್ನೊಂದರಲ್ಲಿ ಬಿಬಿಆರ್ ಇಟ್ಟು ಹೋಲಿಸಿದರೆ ನೀವು ಹೋಲಿಸಿದ್ದು ಕ್ವಿಕ್ ಮತ್ತು ಟಿಸಿಪಿಯನ್ನು ಅಲ್ಲ. ಎರಡರಲ್ಲೂ ಒಂದೇ ಕಂಜೆಷನ್ ಕಂಟ್ರೋಲ್ ಇರಲಿ, ಸಿಪಿಯು ಬಳಕೆಯನ್ನೂ ಬರೆದಿಡಿ.

8. ನಂಬರ್‌ಗಳನ್ನು ಗ್ರಾಫ್ ಮಾಡುವಾಗ

ಒಂದೇ ಓಟದ ನಂಬರ್ ಯಾವತ್ತೂ ಫಲಿತಾಂಶವಲ್ಲ. ಪ್ರತಿ ಸಂರಚನೆಯನ್ನೂ ಹಲವು ಸಲ ಓಡಿಸಿ, ಮೀಡಿಯನ್ ಜೊತೆಗೆ ಹರವನ್ನೂ ತೋರಿಸಿ. ಕ್ಯೂಬಿಕ್ ಎಲ್ಲ ಮುಗಿಸಿ ಆಮೇಲೆ ಬಿಬಿಆರ್ ಎಲ್ಲ ಅನ್ನುವ ಕ್ರಮ ಬೇಡ, ಲ್ಯಾಪ್‌ಟಾಪ್ ಬಿಸಿಯಾಗಿ ಸಿಪಿಯು ನಿಧಾನವಾದರೆ ಅದರ ಪೆಟ್ಟು ಒಬ್ಬರಿಗೇ ಬೀಳುತ್ತದೆ. ಕಲಸಿ ಓಡಿಸಿ.

ತಡಕ್ಕೆ ಸರಾಸರಿ ಹಾಕಿ ಕೈತೊಳೆದುಕೊಳ್ಳಬೇಡಿ. ವಿಡಿಯೋ ಕಾಲ್ ಮುರಿಯುವುದು ಸರಾಸರಿಯಿಂದಲ್ಲ, ಆಗಾಗ ಬರುವ ಕೆಟ್ಟ ಕ್ಷಣಗಳಿಂದ. 95ನೇ ಮತ್ತು 99ನೇ ಪರ್ಸೆಂಟೈಲ್ ಕೊಡಿ, ಅಂದರೆ ನೂರರಲ್ಲಿ 95 ಅಥವಾ 99 ಅಳತೆಗಳು ಯಾವ ಮಿತಿಯೊಳಗಿದ್ದವು ಎಂದು. ವೇಗ ಒಂದು ಅಕ್ಷದಲ್ಲಿ, ತಡ ಇನ್ನೊಂದರಲ್ಲಿ ಇಟ್ಟು, ಪ್ರತಿ ಓಟವನ್ನೂ ಒಂದು ಚುಕ್ಕಿ ಮಾಡಿದರೆ ಎರಡು ವಿಧಾನಗಳ ಸ್ವಭಾವ ಒಂದೇ ನೋಟಕ್ಕೆ ಸಿಗುತ್ತದೆ. ವೇಗದ ಅಕ್ಷವನ್ನು 90ರಿಂದ ಶುರು ಮಾಡಿ ಎರಡು ಮೆಗಾಬಿಟ್‌ನ ವ್ಯತ್ಯಾಸವನ್ನು ಬೆಟ್ಟ ಮಾಡಿ ತೋರಿಸುವುದು ತಪ್ಪು. ಸೊನ್ನೆಯಿಂದ ಶುರು ಮಾಡಿ.

9. ಬರೆದಿಡಬೇಕಾದ್ದು

ಕರ್ನೆಲ್ ಆವೃತ್ತಿ, ಐಪರ್ಫ್3 ಆವೃತ್ತಿ, ಬಿಬಿಆರ್‌ನ ಯಾವ ಆವೃತ್ತಿ, ರೂಟರ್‌ನ ಎರಡೂ ಇಂಟರ್‌ಫೇಸ್‌ಗಳ ಪೂರ್ತಿ ಸೆಟ್ಟಿಂಗ್, ಆಫ್‌ಲೋಡಿಂಗ್ ಸ್ಥಿತಿ, ಮೆಮೊರಿ ಮಿತಿಗಳು. ಇವನ್ನು ಕೈಯಲ್ಲಿ ಬರೆಯಬೇಡಿ, ಪ್ರತಿ ಓಟದ ಶುರುವಿನಲ್ಲಿ ಸ್ಕ್ರಿಪ್ಟೇ ಫೈಲ್‌ಗೆ ಸುರಿಯಲಿ. ಓಟ ಮುಗಿದ ಮೇಲೆ ಟಿಸಿ ತೋರಿಸುವ ಡ್ರಾಪ್ ಲೆಕ್ಕವನ್ನೂ ಸೇರಿಸಿ. ಡ್ರಾಪ್ ಆದದ್ದು ಟಿಬಿಎಫ್‌ನಲ್ಲೋ ನೆಟ್‌ಎಮ್‌ನಲ್ಲೋ ಅನ್ನುವುದು ಅಲ್ಲೇ ತಿಳಿಯುತ್ತದೆ, ನೆಟ್‌ಎಮ್‌ನಲ್ಲಿ ಬೇಡದ ಡ್ರಾಪ್ ಒಂದೇ ಒಂದು ಕಂಡರೂ ಆ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಚ್ಚಾ ಡೇಟಾವನ್ನು ಗ್ರಾಫ್ ಆದ ಮೇಲೂ ಉಳಿಸಿಕೊಳ್ಳಿ.

ಇಷ್ಟು ಆದ ಮೇಲೆ ಮುಂದೆ ಎರಡು ದಾರಿ ಇದೆ. ಸಾವಿರಾರು ನೋಡ್‌ಗಳು ಬೇಕು ಅಥವಾ ಇನ್ನೂ ಇಲ್ಲದ ಹಾರ್ಡ್‌ವೇರ್ ಬೇಕು ಅಂದರೆ ಎನ್ಎಸ್-3ರಂಥ ಸಿಮ್ಯುಲೇಟರ್‌ಗೆ ಹೋಗಿ, ಅಲ್ಲಿ ಸಮಯವೇ ಕೃತಕ, ಆದ್ದರಿಂದ ಸಿಪಿಯು ನಿಧಾನವಾದರೂ ಫಲಿತಾಂಶ ಕೆಡುವುದಿಲ್ಲ. ನಿಜವಾದ ಇಂಟರ್ನೆಟ್‌ನಲ್ಲಿ ಅಳೆಯಬೇಕು ಅಂದರೆ ಎರಡು ತುದಿಯೂ ನಿಮ್ಮ ಕೈಯಲ್ಲಿರುವ ಯಂತ್ರಗಳಾಗಿರಲಿ, ಯುಡಿಪಿಯನ್ನು ಮಿತಿ ಇಲ್ಲದೆ ಸುಮ್ನೆ ಸುರಿಯಬೇಡಿ, ಹಂಚಿಕೊಂಡ ನೆಟ್‌ವರ್ಕ್ ಆದರೆ ನಡೆಸುವವರ ಅನುಮತಿ ಪಡೆಯಿರಿ. ಅಲ್ಲಿ ಬೇರೆಯವರ ಟ್ರಾಫಿಕ್ ಗಂಟೆ ಗಂಟೆಗೂ ಬದಲಾಗುತ್ತದೆ, ಆದ್ದರಿಂದ ಕ್ಯೂಬಿಕ್ ಒಂದು ಓಟ, ಕೂಡಲೇ ಬಿಬಿಆರ್ ಒಂದು ಓಟ ಎಂದು ಜೋಡಿ ಜೋಡಿಯಾಗಿ ಅಳೆದು ಆ ಜೋಡಿಯೊಳಗಿನ ವ್ಯತ್ಯಾಸವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.